ಬಯಾಸ್ ಅಪ್‌ಡೇಟ್ ಅರ್ಧಕ್ಕೆ ನಿಂತಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಕಂಪ್ಯೂಟರ್ ಬಿಚ್ಚಿ ಕೂರುವ ಚಟದವನು ಅಂತ ಒಂದು ಸಲ ಹೆಸರು ಬಿದ್ದರೆ ಆಯಿತು, ಭಾನುವಾರ ನಮ್ಮದಲ್ಲ. ಬಸವನಗುಡಿಯ ನಮ್ಮ ಮನೆಗೆ ಪಕ್ಕದ ರಸ್ತೆಯ ಹುಡುಗರು, ಝೆರಾಕ್ಸ್ ಅಂಗಡಿಯವರು, ನೆಂಟರ ನೆಂಟರು "ಸಿಪಿಯು ತಂದಿದೀನಿ, ನೋಡ್ತೀರಾ?" ಅಂತ ಇಡೀ ಕ್ಯಾಬಿನೆಟ್ ಹೊತ್ತು ಬರುತ್ತಾರೆ. ಅದರಲ್ಲಿ ಬಯಾಸ್ ಅಪ್‌ಡೇಟ್ ಕೆಟ್ಟು ಬಂದವರು ಕೇಳಿದ್ದು, ಫೋನಿನಲ್ಲಿ ಕೇಳಿದ್ದು, ಬರೆದು ಕೇಳಿದ್ದು ಎಲ್ಲ ಸೇರಿಸಿ ಇಲ್ಲಿಟ್ಟಿದ್ದೇನೆ. ಪ್ರಶ್ನೆಗಳು ಅವರ ಮಾತಿನಲ್ಲೇ ಇವೆ.

## ಮೊದಲ ಗಾಬರಿಯ ಪ್ರಶ್ನೆಗಳು

"ಅಪ್‌ಡೇಟ್ ಆಗ್ತಿರುವಾಗಲೇ ಕರೆಂಟ್ ಹೋಯ್ತು. ಈಗ ಫ್ಯಾನ್ ತಿರುಗುತ್ತೆ, ಡಿಸ್ಪ್ಲೇ ಬರ್ತಿಲ್ಲ. ಬೋರ್ಡ್ ಹೋಯ್ತು ಅಂತಾನಾ?"

ಬಹುಮಟ್ಟಿಗೆ ಇಲ್ಲ. ಬಯಾಸ್ ಅನ್ನುವುದು ಬೋರ್ಡಿನ (ಮದರ್‌ಬೋರ್ಡಿನ) ಮೇಲಿನ ಒಂದು ಎಂಟು ಕಾಲಿನ ಫ್ಲ್ಯಾಶ್ ಚಿಪ್‌ನಲ್ಲಿ ಬರೆದಿಟ್ಟ, ಕಂಪ್ಯೂಟರನ್ನು ಎಬ್ಬಿಸುವ ಪ್ರೋಗ್ರಾಂ. (ಈಗಿನ ಬೋರ್ಡ್‌ಗಳಲ್ಲಿ ಅದರ ಸರಿಯಾದ ಹೆಸರು ಯುಇಎಫ್‌ಐ. ಬಾಯಿಗೆ ಬರುವುದು ಮಾತ್ರ ಬಯಾಸೇ.) ಚಿಪ್ ಕಿರುಬೆರಳಿನ ಉಗುರಿಗಿಂತ ಚಿಕ್ಕದು, ಈಚಿನ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ 16 ಅಥವಾ 32 ಎಂಬಿ. ಅಪ್‌ಡೇಟ್ ಅಂದರೆ ಹಳೆಯದನ್ನು ತುಂಡು ತುಂಡಾಗಿ ಅಳಿಸುತ್ತಾ ಅದೇ ಜಾಗದಲ್ಲಿ ಹೊಸದನ್ನು ಬರೆಯುತ್ತಾ ಹೋಗುವುದು. ಕರೆಂಟ್ ಹೋದ ಕ್ಷಣದಲ್ಲಿ ಸ್ಲೇಟು ಅರ್ಧ ಅಳಿಸಿ ಅರ್ಧ ಬರೆದ ಸ್ಥಿತಿಯಲ್ಲಿತ್ತು. ಸ್ಲೇಟು ಒಡೆದಿಲ್ಲ.

ಡಿಸ್ಪ್ಲೇ ಯಾಕೆ ಬರುತ್ತಿಲ್ಲ ಅಂದರೆ, ಪ್ರೊಸೆಸರ್ ಎದ್ದ ಕೂಡಲೇ ಮೊದಲು ಓದುವುದೇ ಈ ಚಿಪ್ಪನ್ನು. ಅಲ್ಲಿ ಕಸ ಸಿಕ್ಕರೆ ರ‍್ಯಾಮ್ ಹೊಂದಿಸಲು ಗೊತ್ತಾಗುವುದಿಲ್ಲ, ಸ್ಕ್ರೀನಿಗೆ ಚಿತ್ರ ಕಳಿಸಲು ಗೊತ್ತಾಗುವುದಿಲ್ಲ. "ನನಗೆ ಹೀಗಾಗಿದೆ" ಅಂತ ಹೇಳಲೂ ಅದಕ್ಕೆ ಬಾಯಿಲ್ಲ. ಫ್ಯಾನಿಗೆ ಬೇಕಾದದ್ದು ಬರೀ ಕರೆಂಟು, ಅದಕ್ಕೇ ತಿರುಗುತ್ತಿದೆ.

"ನನ್ನ ಫೋಟೋ, ಟ್ಯಾಲಿ ಡೇಟಾ ಎಲ್ಲಾ ಹೋಯ್ತಾ ಸರ್?"

ಇಲ್ಲ. ಅವು ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿಯಲ್ಲಿವೆ. ಬಯಾಸ್ ಅಪ್‌ಡೇಟ್ ಅದನ್ನು ಮುಟ್ಟುವುದೇ ಇಲ್ಲ. ನಾಳೆ ಜಿಎಸ್‌ಟಿ ಕಟ್ಟಲು ಕೊನೇ ದಿನ ಅನ್ನುವ ಸ್ಥಿತಿಯಿದ್ದರೆ ಡ್ರೈವ್ ಬಿಚ್ಚಿ ಯುಎಸ್‌ಬಿ ಕೇಸಿಗೆ ಹಾಕಿ ಇನ್ನೊಂದು ಕಂಪ್ಯೂಟರಿನಲ್ಲಿ ಓದಿಕೊಳ್ಳಿ. ಡ್ರೈವಿಗೆ ವಿಂಡೋಸಿನ ಬಿಟ್‌ಲಾಕರ್ ಬೀಗ ಬಿದ್ದಿದ್ದರೆ ಮಾತ್ರ ಕೀಲಿ ಬೇಕು. ಅದರ ವಿಷಯ ಮುಂದಿದೆ.

"ಅಪ್‌ಡೇಟ್ 20 ಪರ್ಸೆಂಟಿಗೆ ನಿಂತು ಅರ್ಧ ಗಂಟೆ ಆಯ್ತು. ಆಫ್ ಮಾಡ್ಲಾ?"

ಇನ್ನೂ ಅರ್ಧ ಗಂಟೆ ಬಿಡಿ. ಕಾಫಿ ಕುಡಿದು ಬನ್ನಿ, ಪಕ್ಕದಲ್ಲಿ ಕೂತು ನೋಡುತ್ತಿದ್ದರೆ ಕೈ ಸುಮ್ಮನಿರುವುದಿಲ್ಲ. ನನ್ನ ಬಳಿ ಬಂದ ಮಷಿನ್‌ಗಳಲ್ಲಿ ಬೆಸ್ಕಾಂ ಕೆಡಿಸಿದ್ದಕ್ಕಿಂತ ಅವಸರದ ಬೆರಳು ಕೆಡಿಸಿದ್ದೇ ಹೆಚ್ಚು. ಒಂದು ಗಂಟೆಯಾದರೂ ಗೆರೆ ಕದಲದಿದ್ದರೆ ಆಗ ಆಫ್ ಮಾಡುವುದು ಬಿಟ್ಟು ದಾರಿಯಿಲ್ಲ. ಅದಕ್ಕೆ ಮುಂಚೆ ಬೋರ್ಡಿನ ಮಾಡೆಲ್ ಹೆಸರು ಬರೆದಿಟ್ಟುಕೊಳ್ಳಿ, ಕೆಲವೊಮ್ಮೆ ಅದೇ ಸ್ಕ್ರೀನಿನಲ್ಲಿ ಇರುತ್ತದೆ.

"ಅಪ್‌ಡೇಟ್ ಸಕ್ಸಸ್ ಅಂತಾನೇ ಬಂತು. ರೀಸ್ಟಾರ್ಟ್ ಆದ್ಮೇಲೆ ಸ್ಕ್ರೀನ್ ಕಪ್ಪು. ಇದೇನು ಮೋಸ?"

ಡಿಡಿಆರ್5 ರ‍್ಯಾಮ್ ಇರುವ ಬೋರ್ಡಾ? ಹಾಗಾದರೆ ಅದು ಮೆಮೊರಿ ಟ್ರೈನಿಂಗ್ ಮಾಡುತ್ತಿರಬಹುದು. ಹೊಸ ಬಯಾಸ್ ಬಂದ ಮೇಲೆ ಬೋರ್ಡು ರ‍್ಯಾಮಿನ ಜೊತೆ ಹೊಸದಾಗಿ ಲೆಕ್ಕಾಚಾರಕ್ಕೆ ಕೂರುತ್ತದೆ, ಯಾವ ವೇಗ, ಯಾವ ವೋಲ್ಟೇಜ್, ಎಷ್ಟು ತಡ ಅಂತ. ಎಎಂಡಿಯ ಎಎಂ5 ಬೋರ್ಡ್‌ಗಳಲ್ಲಿ, ಅದರಲ್ಲೂ ರ‍್ಯಾಮ್ ಹೆಚ್ಚಿದ್ದಾಗ, ಇದಕ್ಕೆ ಹಲವು ನಿಮಿಷ ಹಿಡಿಯುತ್ತದೆ. ಆ ಹೊತ್ತೆಲ್ಲ ಸ್ಕ್ರೀನ್ ಕಪ್ಪೇ. ಮಧ್ಯೆ ಒಂದೆರಡು ಸಲ ತಾನೇ ಆಫ್ ಆಗಿ ಆನ್ ಆಗುವುದೂ ಉಂಟು. 15 ನಿಮಿಷ ಮುಟ್ಟಬೇಡಿ.

ಕಾಯುವಾಗ ಬೋರ್ಡಿನ ಅಂಚಿನಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಅಂತ ಬರೆದ ನಾಲ್ಕು ಪುಟ್ಟ ದೀಪಗಳಿವೆಯೇ ನೋಡಿ. ದೀಪ ಒಂದರಿಂದ ಇನ್ನೊಂದಕ್ಕೆ ಹೋಗುತ್ತಿದ್ದರೆ ಬಯಾಸ್ ಬದುಕಿದೆ, ಕೆಲಸ ಮಾಡುತ್ತಿದೆ ಅಂತ ಅರ್ಥ. ಡಿರ‍್ಯಾಮ್ ದೀಪದಲ್ಲೇ ಗಟ್ಟಿಯಾಗಿ ನಿಂತರೆ ಒಂದೇ ರ‍್ಯಾಮ್ ಕಡ್ಡಿ ಬಿಟ್ಟು ಉಳಿದದ್ದನ್ನು ತೆಗೆದು ನೋಡಿ.

"ಸೆಲ್ ತೆಗೆದು ಹಾಕಿದ್ರೆ ಸರಿ ಹೋಗುತ್ತಂತೆ, ಹೌದಾ?"

ಆ ಗುಂಡು ಸೆಲ್ (ಸಿಆರ್2032, 3 ವೋಲ್ಟ್) ತೆಗೆದರೆ ಅಳಿಯುವುದು ನೀವು ಮಾಡಿಕೊಂಡ ಸೆಟ್ಟಿಂಗು ಮತ್ತು ಗಡಿಯಾರ. ಬಯಾಸ್ ಪ್ರೋಗ್ರಾಂ ಇರುವುದು ಬೇರೆ ಚಿಪ್‌ನಲ್ಲಿ, ಸೆಲ್ ತೆಗೆದರೆ ಅದೇನೂ ಹಿಂದಿನದಾಗುವುದಿಲ್ಲ. ಆದರೂ ಮಾಡಿ. ಬರಹ ಸರಿಯಾಗಿಯೇ ಮುಗಿದು, ಹಳೆಯ ಸೆಟ್ಟಿಂಗು ಹೊಸ ಬಯಾಸಿಗೆ ಒಗ್ಗದೆ ನಿಂತ ಮಷಿನ್‌ಗಳು ಸಾಕಷ್ಟಿವೆ. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ಸೆಲ್ ಐದು ನಿಮಿಷ ಹೊರಗಿಡಿ.

## ಮನೆಯಲ್ಲೇ ಎಬ್ಬಿಸುವುದು

"ಬೋರ್ಡಿನ ಹಿಂದೆ ಫ್ಲ್ಯಾಶ್ ಅಂತ ಒಂದು ಬಟನ್ ಇದೆ. ಅದು ಇದಕ್ಕೇನಾ?"

ಅದಕ್ಕೇ. ನಿಮಗೆ ಅದೃಷ್ಟ ಇದೆ. ನನ್ನದೇ ಬೋರ್ಡ್ ಒಂದು ಮೇ ತಿಂಗಳ ಸಂಜೆ, ಗಾಳಿ ಮಳೆಗೆ ನಮ್ಮ ರಸ್ತೆಯ ಮರ ತಂತಿಯ ಮೇಲೆ ಬಿದ್ದಾಗ ಹೀಗಾಯಿತು. ಅಂಗಡಿಯೊಂದರಲ್ಲಿ ತೋರಿಸಿದರೆ "ಬೋರ್ಡ್ ಡೆಡ್, ಹೊಸದು ಹಾಕ್ಸಿ" ಅಂದರು. ಬೇಜಾರಲ್ಲಿ ಮನೆಗೆ ಬಂದು ಕೇಬಲ್ ಕೀಳಲು ಹಿಂದೆ ತಿರುಗಿಸಿದಾಗ ಈ ಬಟನ್ ಕಣ್ಣಿಗೆ ಬಿತ್ತು. ಎರಡು ವರ್ಷದಿಂದ ಅಲ್ಲೇ ಇತ್ತು.

ಈ ಬಟನ್ನಿನ ಹಿಂದೆ ಒಂದು ಸಣ್ಣ ಪ್ರತ್ಯೇಕ ಕಂಟ್ರೋಲರ್ ಇದೆ. ಅದು ಪ್ರೊಸೆಸರನ್ನೂ ಕೇಳುವುದಿಲ್ಲ, ರ‍್ಯಾಮನ್ನೂ ಕೇಳುವುದಿಲ್ಲ. ಪೆನ್‌ಡ್ರೈವಿನಿಂದ ಫೈಲ್ ಓದಿ ಸೀದಾ ಚಿಪ್ಪಿಗೆ ಬರೆಯುತ್ತದೆ. ಹಾಗಾಗಿ ಬಯಾಸ್ ಪೂರ್ತಿ ಅಳಿಸಿಹೋಗಿದ್ದರೂ ನಡೆಯುತ್ತದೆ. ಎಸ್‌ಎಂಪಿಎಸ್‌ನಿಂದ (ಕ್ಯಾಬಿನೆಟ್ಟಿನೊಳಗಿನ ಕರೆಂಟ್ ಪೆಟ್ಟಿಗೆ) ಬೋರ್ಡಿಗೆ ಬರುವ 24 ಪಿನ್ ಕೇಬಲ್, ಸಿಪಿಯು ಪಕ್ಕದ 8 ಪಿನ್ ಕೇಬಲ್ ಎರಡೂ ಸಿಕ್ಕಿಸಿರಬೇಕು.

ಫೈಲನ್ನು ಬೋರ್ಡ್ ಕಂಪನಿಯ ಸೈಟಿನಿಂದ ಇನ್ನೊಂದು ಕಂಪ್ಯೂಟರಿನಲ್ಲಿ ಇಳಿಸಿ, ಜಿಪ್ ಬಿಡಿಸಿ, ಹೆಸರು ಬದಲಿಸಬೇಕು. ಒಂದೊಂದು ಕಂಪನಿಗೆ ಒಂದೊಂದು ಹೆಸರು. ಎಂಎಸ್‌ಐ ಬೋರ್ಡಿಗೆ "ಎಂಎಸ್‌ಐ ಡಾಟ್ ರಾಮ್", ಗಿಗಾಬೈಟಿಗೆ "ಗಿಗಾಬೈಟ್ ಡಾಟ್ ಬಿನ್", ಎಎಸ್‌ರಾಕಿಗೆ "ಕ್ರಿಯೇಟಿವ್ ಡಾಟ್ ರಾಮ್" (ಎಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ: MSI.ROM, GIGABYTE.bin, CREATIVE.ROM). ಏಸಸ್‌ನಲ್ಲಿ ಬೋರ್ಡ್ ಬೋರ್ಡಿಗೂ ಬೇರೆ ಹೆಸರು, ಅದಕ್ಕೆ ಜಿಪ್ಪಿನೊಳಗೇ ಬಯಾಸ್ ರಿನೇಮರ್ ಅಂತ ಒಂದು ಪುಟ್ಟ ಪ್ರೋಗ್ರಾಂ ಕೊಟ್ಟಿರುತ್ತಾರೆ, ಓಡಿಸಿದರೆ ಸಾಕು. ಪೆನ್‌ಡ್ರೈವನ್ನು ಹಿಂದೆ ಗುರುತು ಹಾಕಿರುವ ಯುಎಸ್‌ಬಿ ಕಿಂಡಿಗೇ ಹಾಕಿ, ಎಸ್‌ಎಂಪಿಎಸ್‌ಗೆ ಕರೆಂಟ್ ಕೊಟ್ಟು ಆದರೆ ಕಂಪ್ಯೂಟರ್ ಆನ್ ಮಾಡದೆ, ಬಟನ್ ಮೂರು ಸೆಕೆಂಡ್ ಒತ್ತಿ ಹಿಡಿಯಿರಿ. ದೀಪ ಮಿನುಗಲು ಶುರುವಾದರೆ ಬಿಡಿ. ದೀಪ ತಾನಾಗಿ ಆರುವವರೆಗೆ, ಅಂದರೆ ಐದಾರು ನಿಮಿಷ, ಆ ಕೋಣೆಗೆ ಮಕ್ಕಳನ್ನೂ ಬಿಡಬೇಡಿ.

"ಎಲ್ಲಾ ಹೇಳಿದ ಹಾಗೇ ಮಾಡಿದೆ. ಲೈಟ್ ಸ್ವಲ್ಪ ಹೊತ್ತು ಮಿನುಗಿ ನಿಂತುಬಿಡುತ್ತೆ."

ಹತ್ತರಲ್ಲಿ ಒಂಬತ್ತು ಸಲ ಪೆನ್‌ಡ್ರೈವಿನ ತಂಟೆ. ಅದು ಎಫ್‌ಎಟಿ32 ಆಗಿರಬೇಕು. 64 ಜಿಬಿಯ ಹಲವು ಹೊಸ ಡ್ರೈವ್‌ಗಳು ಎಕ್ಸ್‌ಫ್ಯಾಟ್ ಆಗಿ ಬರುತ್ತವೆ, ವಿಂಡೋಸಿನ ಬಹುತೇಕ ಆವೃತ್ತಿಗಳ ಮಾಮೂಲಿ ಫಾರ್ಮ್ಯಾಟ್ ಕಿಟಕಿ 32 ಜಿಬಿ ದಾಟಿದ್ದಕ್ಕೆ ಎಫ್‌ಎಟಿ32 ಆಯ್ಕೆಯನ್ನೇ ತೋರಿಸುವುದಿಲ್ಲ. ಯಾರದೋ ಮದುವೆಯ ಫೋಟೋ ಹಾಕಿ ಕೊಟ್ಟ ಹಳೆಯ 8 ಜಿಬಿ ಡ್ರೈವ್ ಮನೆಯಲ್ಲಿ ಇದ್ದೇ ಇರುತ್ತದೆ, ಅದು ಇದಕ್ಕೆ ಹೇಳಿ ಮಾಡಿಸಿದ್ದು. ಫೋಟೋ ಬೇರೆ ಕಡೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಬಯಾಸಿಗಿಂತ ದೊಡ್ಡ ರಾದ್ಧಾಂತವಾಗುತ್ತದೆ.

ಇನ್ನೊಂದು ಗುಟ್ಟಿನ ತಪ್ಪು: ವಿಂಡೋಸ್ ಫೈಲ್ ಹೆಸರಿನ ಬಾಲವನ್ನು ಬಚ್ಚಿಡುತ್ತದೆ. ನೀವು "ಡಾಟ್ ರಾಮ್" ಅಂತ ಸೇರಿಸಿದಾಗ ಒಳಗೆ ಅದು "ಡಾಟ್ ರಾಮ್ ಡಾಟ್ ರಾಮ್" ಆಗಿರಬಹುದು. ವ್ಯೂ ಮೆನುವಿನಲ್ಲಿ ಎಕ್ಸ್‌ಟೆನ್ಷನ್ ತೋರಿಸು ಅಂತ ಹಾಕಿ ನೋಡಿ. ಇವೆರಡೂ ಸರಿಯಿದ್ದರೆ ಬೋರ್ಡಿನ ಮಾಡೆಲ್ ಮತ್ತೊಮ್ಮೆ ಓದಿ. ಹೆಸರಿನ ಕೊನೆಯಲ್ಲಿ ವೈಫೈ ಅಂತ ಇದೆಯೇ, ಮೂಲೆಯಲ್ಲಿ ರೆವ್ 1.0 ಇದೆಯೇ 1.2 ಇದೆಯೇ ಅನ್ನುವುದಕ್ಕೆಲ್ಲ ಬೇರೆ ಬೇರೆ ಫೈಲ್ ಇರುತ್ತದೆ. ಡಬ್ಬದ ಮೇಲಿನದನ್ನಲ್ಲ, ಬೋರ್ಡಿನ ಮೇಲೆ ಅಚ್ಚಾದದ್ದನ್ನು ನಂಬಿ.

"ನಂದು ಲ್ಯಾಪ್‌ಟಾಪ್. ಬಟನ್ನೂ ಇಲ್ಲ, ಏನೂ ಇಲ್ಲ."

ಬಟನ್ ಇಲ್ಲ, ಕೀಲಿಮಣೆಯಲ್ಲಿ ಗುಪ್ತ ಜೋಡಿಗಳಿವೆ. ಎಚ್‌ಪಿ: ಮಷಿನ್ ಆಫ್ ಮಾಡಿ, ಚಾರ್ಜರ್ ಹಾಕಿ, ವಿಂಡೋಸ್ ಕೀ ಮತ್ತು ಬಿ ಎರಡನ್ನೂ ಒತ್ತಿ ಹಿಡಿದು ಪವರ್ ಬಟನ್ ಎರಡು ಮೂರು ಸೆಕೆಂಡ್ ಒತ್ತಿ ಬಿಡಿ. ಎರಡು ಕೀ ಮಾತ್ರ ಹಿಡಿದೇ ಇರಿ. ಬಿ ಆಗದಿದ್ದರೆ ಅದರ ಬದಲು ವಿ. ಡೆಲ್: ಆಫ್ ಮಾಡಿ ಚಾರ್ಜರ್ ಕಿತ್ತು, ಕಂಟ್ರೋಲ್ ಮತ್ತು ಎಸ್ಕೇಪ್ ಹಿಡಿದುಕೊಂಡು ಚಾರ್ಜರ್ ಚುಚ್ಚಿ, ರಿಕವರಿ ಪರದೆ ಬಂದ ಮೇಲೆ ಬಿಡಿ. ಇವು ನಡೆಯುವುದು ಚಿಪ್ಪಿನ ಬೂಟ್ ಬ್ಲಾಕ್ ಅನ್ನುವ ಚಿಕ್ಕ ಭಾಗವನ್ನು ಅಪ್‌ಡೇಟ್ ಸಾಮಾನ್ಯವಾಗಿ ಮುಟ್ಟದೆ ಬಿಟ್ಟಿರುವುದರಿಂದ. ಆ ಭಾಗ ಎದ್ದು ಒಳ್ಳೆಯ ಪ್ರತಿಗಾಗಿ ಡಿಸ್ಕಿನಲ್ಲೋ ಪೆನ್‌ಡ್ರೈವಿನಲ್ಲೋ ಹುಡುಕುತ್ತದೆ.

ಪೆನ್‌ಡ್ರೈವ್ ಬೇಕಾದರೆ ಎಚ್‌ಪಿಯ ಬಯಾಸ್ ಫೈಲನ್ನು ಇನ್ನೊಂದು ವಿಂಡೋಸ್ ಮಷಿನ್‌ನಲ್ಲಿ ಓಡಿಸಿದಾಗ ರಿಕವರಿ ಡ್ರೈವ್ ಮಾಡುವ ಆಯ್ಕೆ ಅದೇ ಕೊಡುತ್ತದೆ. ಒಂದು ಸಲಕ್ಕೆ ಆಗಲಿಲ್ಲ ಅಂತ ಬಿಡಬೇಡಿ, ಬೆರಳಿನ ತಾಳ ಕೂಡಲು ನನಗೇ ನಾಲ್ಕೈದು ಸಲ ಬೇಕಾಗುತ್ತದೆ.

"ಆನ್ ಆಯ್ತು! ಆದ್ರೆ ನೀಲಿ ಪರದೆ ಬಂದು 48 ಅಂಕಿ ಕೇಳ್ತಿದೆ."

ಬಿಟ್‌ಲಾಕರ್. ಬಯಾಸ್ ಬದಲಾದದ್ದನ್ನು ಟಿಪಿಎಂ (ಕೀಲಿ ಕಾಯುವ ಭದ್ರತಾ ಭಾಗ) ಗಮನಿಸಿ, ಯಾರೋ ಬೀಗ ಮುಟ್ಟಿದ್ದಾರೆ ಅಂತ ಕೀಲಿ ಕೊಡಲು ಒಪ್ಪುತ್ತಿಲ್ಲ. "ನಾನು ಯಾವತ್ತೂ ಹಾಕೇ ಇಲ್ಲ" ಅನ್ನುತ್ತೀರಿ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ತಾನೇ ಹಾಕಿರುತ್ತದೆ. ಫೋನಿನಿಂದ ಅದೇ ಖಾತೆಗೆ ಹೋಗಿ ಡಿವೈಸಸ್ ಭಾಗದಲ್ಲಿ ರಿಕವರಿ ಕೀ ಹುಡುಕಿ. ಆಫೀಸಿನ ಮಷಿನ್ ಆದರೆ ಐಟಿಯವರ ಹತ್ತಿರ ಇರುತ್ತದೆ.

ಎಎಂಡಿ ಮಷಿನ್‌ಗಳಲ್ಲಿ ಇದಕ್ಕೂ ಮುಂಚೆ ಕಪ್ಪು ಪರದೆಯ ಮೇಲೆ ಎಫ್‌ಟಿಪಿಎಂ (ಪ್ರೊಸೆಸರಿನೊಳಗೇ ಇರುವ ಟಿಪಿಎಂ) ರೀಸೆಟ್ ಮಾಡಲು ವೈ ಒತ್ತಿ, ಬೇಡವಾದರೆ ಎನ್ ಒತ್ತಿ ಅಂತ ಬರುವುದುಂಟು. ಆ 48 ಅಂಕಿ ಕೈಯಲ್ಲಿ ಇಲ್ಲದೆ ವೈ ಒತ್ತಬೇಡಿ. ಒತ್ತಿದರೆ ಕೀಲಿ ಹೋಯಿತು, ಡೇಟಾ ಅಲ್ಲೇ ಇದ್ದೂ ಇಲ್ಲದಂತೆ.

"48 ಅಂಕಿ ಏನೂ ಕೇಳ್ತಿಲ್ಲ, ಬೂಟ್ ಡಿವೈಸೇ ಇಲ್ಲ ಅಂತಿದೆ."

ಸೆಟ್ಟಿಂಗುಗಳು ಕಾರ್ಖಾನೆಯ ಸ್ಥಿತಿಗೆ ಮರಳಿವೆ. ಮೊದಲು ಬಯಾಸ್ ಸೆಟ್ಟಿಂಗಿನಲ್ಲಿ ಡಿಸ್ಕಿನ ಮೋಡ್ (ಬೋರ್ಡು ಡಿಸ್ಕಿನ ಜೊತೆ ಮಾತಾಡುವ ಬಗೆ) ನೋಡಿ. ಮೊದಲು ರೇಡ್ ಅಥವಾ ವಿಎಂಡಿ ಇದ್ದದ್ದು ಈಗ ಎಎಚ್‌ಸಿಐ ಆಗಿದ್ದರೆ, ಅಥವಾ ತಿರುಗುಮುರುಗಾಗಿದ್ದರೆ, ವಾಪಸ್ ಹಾಕಿ. ಹಳೆಯ ವಿಂಡೋಸ್ ಆದರೆ ಲೆಗಸಿ ಬೂಟ್ (ಯುಇಎಫ್‌ಐಗೆ ಮುಂಚಿನ ಬಗೆ) ಆಯ್ಕೆಯನ್ನೂ ನೋಡಿ. ದಯವಿಟ್ಟು ವಿಂಡೋಸ್ ಮತ್ತೆ ಹಾಕಲು ಹೊರಡಬೇಡಿ.

## ಎಸ್‌ಪಿ ರೋಡಿಗೆ ಹೊರಡುವವರಿಗೆ

"ಅಂಗಡಿಯವರು ಬೋರ್ಡೇ ಚೇಂಜ್ ಮಾಡ್ಬೇಕು ಅಂತಾರೆ. ನಂಬ್ಲಾ?"

ಒಂದೇ ಪ್ರಶ್ನೆ ಕೇಳಿ: "ನೀವು ಬಯಾಸ್ ಚಿಪ್ ಪ್ರೋಗ್ರಾಮಿಂಗ್ ಮಾಡ್ತೀರಾ?" ಇಲ್ಲ ಅಂದರೆ ಅವರು ಮಾರುವವರು, ರಿಪೇರಿಯವರಲ್ಲ. ಬೆಂಗಳೂರಿನ ಕಂಪ್ಯೂಟರ್ ಪೇಟೆಯಾದ ಎಸ್‌ಪಿ ರೋಡಿನಲ್ಲಿ ಮುಂದಿನ ಸಾಲೆಲ್ಲ ಹೆಚ್ಚಾಗಿ ಮಾರಾಟ. ಮಹಡಿಯ ಮೇಲೆ, ಸಂದಿಯ ಒಳಗೆ, ಮೈಕ್ರೋಸ್ಕೋಪಿನಡಿ ಬಗ್ಗಿ ಕೂತವರು "ಚಿಪ್ ಲೆವೆಲ್ ಸರ್ವಿಸ್" ಅಂತ ಬೋರ್ಡ್ ಹಾಕಿರುತ್ತಾರೆ, ನಿಮಗೆ ಬೇಕಾದವರು ಅವರು. ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ನಡೆಯಿರಿ, ಕಾರ್ ತಂದರೆ ರಿಪೇರಿಗಿಂತ ಪಾರ್ಕಿಂಗ್ ಕಷ್ಟ.

ಬರೀ ಬೋರ್ಡ್ ಒಯ್ಯಿರಿ, ಎಸ್‌ಎಸ್‌ಡಿ ಮನೆಯಲ್ಲೇ ಇರಲಿ. ಮಾಡೆಲ್, ರಿವಿಷನ್ ಚೀಟಿಯಲ್ಲಿ ಬರೆದು, ಕಂಪನಿ ಸೈಟಿನಿಂದ ಇಳಿಸಿದ ಫೈಲ್ ಪೆನ್‌ಡ್ರೈವಿನಲ್ಲಿ ಹಾಕಿಕೊಳ್ಳಿ. ಮತ್ತು ಬರೆಯುವ ಮುಂಚೆ ಈಗ ಚಿಪ್‌ನಲ್ಲಿ ಇರುವುದನ್ನು ಓದಿ ಪ್ರತಿ ಕೊಡಲು ಹೇಳಿ. ಯಾಕೆ ಅಂತ ಕೆಳಗಿದೆ. ಬೋರ್ಡು ಇನ್ನೂ ವಾರಂಟಿಯಲ್ಲಿದ್ದರೆ ಮಾತ್ರ ಈ ಯಾವುದನ್ನೂ ಮಾಡಿಸಬೇಡಿ, ಮೊದಲು ಸರ್ವಿಸ್ ಸೆಂಟರ್.

## ಚಿಪ್ಪಿಗೆ ಕೈ ಹಾಕುವವರಿಗೆ

"ಸಿಎಚ್341ಎ ಪ್ರೋಗ್ರಾಮರ್ ತಂದಿದೀನಿ. ಕ್ಲಿಪ್ ಹಾಕಿ ಬರೆದುಬಿಡ್ಲಾ?"

ಬರೆಯಲು ಅವಸರ ಬೇಡ, ಓದಲು ಶುರು ಮಾಡಿ. ಯುಎಸ್‌ಬಿಗೆ ಸಿಕ್ಕಿಸಿ ಚಿಪ್ಪನ್ನು ನೇರವಾಗಿ ಓದಿ ಬರೆಯುವ, ಕೆಲವು ನೂರು ರೂಪಾಯಿಗೆ ಸಿಗುವ ಈ ಕಪ್ಪು ಹಲಗೆ ಬಡವರ ಆಪದ್ಬಾಂಧವ, ಆದರೆ ಅದರಲ್ಲೊಂದು ಐಬಿದೆ. ಫ್ಲ್ಯಾಶ್ ಚಿಪ್ಪಿಗೆ 3.3 ವೋಲ್ಟ್ ಕೊಟ್ಟರೂ ಡೇಟಾ ತಂತಿಗಳಲ್ಲಿ 5 ವೋಲ್ಟ್ ಹರಿಸುತ್ತದೆ. ಬಹಳ ಜನ ಹಾಗೇ ಬಳಸಿ ಬಚಾವಾಗಿದ್ದಾರೆ. ನಾನು ಬಳಸುವುದಿಲ್ಲ. ವೋಲ್ಟೇಜ್ ಆಯ್ಕೆ ಇರುವ ಹಲಗೆ ಸ್ವಲ್ಪ ಹೆಚ್ಚು ಬೆಲೆಗೆ ಸಿಗುತ್ತದೆ, ಅದನ್ನೇ ತನ್ನಿ.

ಚಿಪ್ಪಿನ ಮೇಲಿನ ಅಕ್ಷರವನ್ನು ಫೋನ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ಓದಿ. ವಿನ್‌ಬಾಂಡ್ ಡಬ್ಲ್ಯು25ಕ್ಯೂ128 ಅಂತಿದ್ದರೆ 128 ಎಂಬಿ ಅಲ್ಲ, 128 ಮೆಗಾಬಿಟ್, ಅಂದರೆ 16 ಎಂಬಿ. ಆ ಸಂಖ್ಯೆಯ ನಂತರ ಎಫ್‌ಡಬ್ಲ್ಯು ಅಥವಾ ಜೆಡಬ್ಲ್ಯು ಬಂದರೆ ಅದು 1.8 ವೋಲ್ಟಿನ ಚಿಪ್. ಅದಕ್ಕೆ 3.3 ಕೊಟ್ಟರೆ ಈಗಿನವರೆಗೆ ಬರೀ ಬರಹ ಕೆಟ್ಟಿದ್ದ ಚಿಪ್ ನಿಜವಾಗಿಯೂ ಸಾಯುತ್ತದೆ. 1.8ರ ಅಡಾಪ್ಟರ್ ಬೇರೆ ಸಿಗುತ್ತದೆ.

ಬೋರ್ಡಿನ ಪ್ಲಗ್, ಬ್ಯಾಟರಿ, ಗುಂಡು ಸೆಲ್ ಎಲ್ಲ ಕಿತ್ತಿರಲಿ. ಚಿಪ್ಪಿನ ಮೂಲೆಯ ಚುಕ್ಕಿಯೇ ಒಂದನೇ ಕಾಲು, ಕ್ಲಿಪ್ಪಿನ ಕೆಂಪು ತಂತಿ ಅಲ್ಲಿಗೆ. ಲಿನಕ್ಸ್‌ನಲ್ಲಿ ಫ್ಲ್ಯಾಶ್‌ರಾಮ್, ವಿಂಡೋಸ್‌ನಲ್ಲಿ ಆಸ್‌ಪ್ರೋಗ್ರಾಮರ್ ಸಾಕು. ಎರಡು ಸಲ ಓದಿ, ಎರಡು ಫೈಲ್ ತಾಳೆ ನೋಡಿ. ಒಂದಕ್ಕೊಂದು ಬೇರೆಯಾದರೆ ಕ್ಲಿಪ್ ಸರಿಯಾಗಿ ಕೂತಿಲ್ಲ. ಎಲ್ಲ ಬರೀ ಎಫ್‌ಎಫ್ ಅಂತ ಬಂದರೂ ಬಹುತೇಕ ಅದೇ. ಎಷ್ಟು ಕೂರಿಸಿದರೂ ಚಿಪ್ ಸಿಗುತ್ತಿಲ್ಲ ಅಂದರೆ ಪ್ರೋಗ್ರಾಮರಿನ ಕರೆಂಟನ್ನು ಬೋರ್ಡಿನ ಉಳಿದ ಭಾಗ ಹೀರುತ್ತಿದೆ. ಆಗ ಚಿಪ್ ಬಿಚ್ಚಿಯೇ ಬರೆಯಬೇಕು. ಹಾಟ್ ಏರ್ ಕೈ ಪಳಗದವರು ಅಲ್ಲಿಗೆ ನಿಲ್ಲಿಸಿ.

"ಕಂಪನಿ ಸೈಟಿಂದ ಇಳಿಸಿದ ಫೈಲನ್ನೇ ಹಾಗೇ ಬರೆದ್ರೆ ಏನಾಗುತ್ತೆ?"

ಕೆಲವು ಡೆಸ್ಕ್‌ಟಾಪ್ ಬೋರ್ಡ್‌ಗಳಲ್ಲಿ ಸರಿಯಾಗಿಯೇ ನಡೆಯುತ್ತದೆ. ಎಡವುವುದು ಎರಡು ಕಡೆ.

ಒಂದು ಗಾತ್ರ. 16 ಎಂಬಿ ಚಿಪ್ಪಿಗೆ ಹೋಗುವ ಫೈಲ್ ಕರಾರುವಾಕ್ಕಾಗಿ 1,67,77,216 ಬೈಟ್ ಇರಬೇಕು. ಏಸಸ್‌ನ ಹಲವು ಕ್ಯಾಪ್ ಫೈಲ್‌ಗಳು 1,67,79,264 ಇರುತ್ತವೆ. ಹೆಚ್ಚುವರಿ 2048 ಬೈಟ್ ಮುಂದೆ ಅಂಟಿಸಿದ ಚೀಟಿ, ಅಪ್‌ಡೇಟ್ ಮಾಡುವ ಪ್ರೋಗ್ರಾಮಿಗೆ ಮಾತ್ರ ಬೇಕಾದದ್ದು. ಯುಇಎಫ್‌ಐ ಟೂಲ್‌ನಲ್ಲಿ ತೆರೆದು ಚೀಟಿ ಬಿಟ್ಟು ಒಳಗಿನದನ್ನು ಮಾತ್ರ ಹೊರತೆಗೆಯಿರಿ.

ಎರಡನೆಯದು ನಿಮ್ಮ ಮಷಿನ್ನಿನ ಗುರುತು. ಇಂಟೆಲ್ ಬೋರ್ಡುಗಳ ಚಿಪ್ಪಿನಲ್ಲಿ ಬಯಾಸ್ ಒಂದೇ ಅಲ್ಲ, ಡಿಸ್ಕ್ರಿಪ್ಟರ್ (ಯಾವ ಕೋಣೆ ಎಲ್ಲಿದೆ ಅನ್ನುವ ನಕ್ಷೆ), ಮ್ಯಾನೇಜ್‌ಮೆಂಟ್ ಎಂಜಿನ್ (ಇಂಟೆಲ್‌ನ ಪ್ರತ್ಯೇಕ ಒಳ ಪ್ರೋಗ್ರಾಂ), ಇಂಟೆಲ್ ನೆಟ್‌ವರ್ಕ್ ಇದ್ದರೆ ಅದರ ಭಾಗ ಎಲ್ಲ ಬೇರೆ ಬೇರೆ ಕೋಣೆಗಳಾಗಿ ಇರುತ್ತವೆ. ನೆಟ್‌ವರ್ಕಿನ ಮ್ಯಾಕ್ ವಿಳಾಸ, ಸೀರಿಯಲ್ ನಂಬರ್, ಲ್ಯಾಪ್‌ಟಾಪಿನ ಜೊತೆ ಬಂದ ವಿಂಡೋಸ್ ಕೀ ಇವೆಲ್ಲ ಇಲ್ಲೇ ವಾಸ. ಕಂಪನಿಯ ಫೈಲಿನಲ್ಲಿ ಅವು ಖಾಲಿ, ಬೇರೆಯವರ ಬೋರ್ಡಿನಿಂದ ತಂದ ಫೈಲಿನಲ್ಲಿ ಅವರದು. ಮೊದಲೇ ಓದಿಟ್ಟ ಹಾಳಾದ ಪ್ರತಿಯ ಬೆಲೆ ತಿಳಿಯುವುದು ಇಲ್ಲಿ: ಅಪ್‌ಡೇಟ್ ಸಾಮಾನ್ಯವಾಗಿ ಕೆಡಿಸಿರುವುದು ಬಯಾಸ್ ಕೋಣೆಯನ್ನು ಮಾತ್ರ. ಹಳೆಯ ಪ್ರತಿಯಲ್ಲಿ ಆ ಕೋಣೆಗೆ ಹೊಸದನ್ನು ತುಂಬಿ, ಉಳಿದದ್ದನ್ನು ಹಾಗೇ ಬಿಟ್ಟು, ಇಡೀ ಫೈಲ್ ಬರೆದು, ವೆರಿಫೈ ಮಾಡಿ. ಸೀರಿಯಲ್, ವಿಂಡೋಸ್ ಕೀ ಬಯಾಸ್ ಕೋಣೆಯೊಳಗೇ ಇರುವ ಮಷಿನ್‌ಗಳಲ್ಲಿ ಆ ತುಂಡುಗಳನ್ನೂ ಹಳೆಯದರಿಂದ ಎತ್ತಿ ಕೂರಿಸಬೇಕು. ಅಳಿಸು ಒತ್ತಿದ ಮೇಲೆ ನೆನಪಾದರೆ ಯಾರೂ ಏನೂ ಮಾಡಲಾರರು.

"ವೈರಸ್ಸಿಂದ ಬಯಾಸ್ ಅಳಿಸಿಹೋಗುತ್ತಾ?"

ಹೋಗಿದ್ದುಂಟು. 1999ರ ಏಪ್ರಿಲ್ 26ರಂದು ಸಿಐಎಚ್ ವೈರಸ್ ಅನೇಕ ದೇಶಗಳಲ್ಲಿ ಡಿಸ್ಕಿನ ಜೊತೆಗೆ ಬಯಾಸನ್ನೂ ಕೆಡಿಸಿತು. ಆಗಿನ ಬಹಳಷ್ಟು ಬೋರ್ಡುಗಳಲ್ಲಿ ಚಿಪ್ ಸಾಕೆಟಿನಲ್ಲಿ ಕೂರುತ್ತಿತ್ತು, ಕಿತ್ತು ಬೇರೆ ಕಡೆ ಬರೆಸಿ ಹಾಕಬಹುದಿತ್ತು. ಈಗಿನ ಬೋರ್ಡುಗಳು ಕಂಪನಿಯ ಸಹಿ ಇಲ್ಲದ ಫೈಲನ್ನು ಸಾಮಾನ್ಯ ದಾರಿಯಲ್ಲಿ ಒಳಗೆ ಬಿಡುವುದಿಲ್ಲ.

## ಮುಂದಿನ ಸಲಕ್ಕೆ

"ಇಷ್ಟೆಲ್ಲ ರಗಳೆ ಯಾಕೆ, ಅಪ್‌ಡೇಟೇ ಮಾಡದಿದ್ರೆ ಆಯ್ತಲ್ಲ?"

ಸುಮ್ಮನೆ ಹೊಸ ನಂಬರ್ ಬಂತು ಅಂತ ಮಾಡುವುದಾದರೆ ನಿಮ್ಮ ಮಾತೇ ಸರಿ. ಆದರೆ ಮಾಡಲೇಬೇಕಾದ ಸಂದರ್ಭಗಳಿವೆ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಹಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ಹೆಚ್ಚು ವೋಲ್ಟೇಜ್ ಕೇಳಿ ತಾವೇ ಸವೆಯುತ್ತಿದ್ದವು, 2024ರಲ್ಲಿ ಅದಕ್ಕೆ ಪರಿಹಾರ ಬಂದದ್ದು ಬಯಾಸ್ ಅಪ್‌ಡೇಟಿನ ಮೂಲಕವೇ. 2023ರಲ್ಲಿ ರೈಜನ್ 7000 ಸಾಲಿನ ಕೆಲವು ಪ್ರೊಸೆಸರ್ ಸುಟ್ಟಾಗ ಎಸ್‌ಒಸಿ ವೋಲ್ಟೇಜನ್ನು (ಪ್ರೊಸೆಸರಿನೊಳಗಿನ ಮೆಮೊರಿ ಕಂಟ್ರೋಲರ್ ಮುಂತಾದ ಭಾಗಗಳಿಗೆ ಹೋಗುವುದು) 1.3 ವೋಲ್ಟಿಗೆ ಕಟ್ಟಿಹಾಕಿದ್ದೂ ಹಾಗೇ. ಹೊಸ ಪ್ರೊಸೆಸರ್ ಹಾಕುವವರಿಗೂ ಬೇಕು.

"ಮನೇಲಿ ಇನ್ವರ್ಟರ್ ಇದೆ. ಮಳೆಗಾಲದಲ್ಲಿ ಧೈರ್ಯವಾಗಿ ಅಪ್‌ಡೇಟ್ ಮಾಡಬಹುದಾ?"

ಇನ್ವರ್ಟರ್ ಮೇಲೆ ಒಂದು ಪುಟ್ಟ ಸ್ವಿಚ್ ಇರುತ್ತದೆ, ಒಂದು ಕಡೆ ನಾರ್ಮಲ್ ಅಥವಾ ಇಕೋ, ಇನ್ನೊಂದು ಕಡೆ ಯುಪಿಎಸ್. ನಾರ್ಮಲ್‌ನಲ್ಲಿ ಕರೆಂಟ್ ಹೋದಾಗ ಬ್ಯಾಟರಿಗೆ ಹೊರಳಲು ಅದು ತೆಗೆದುಕೊಳ್ಳುವ ಹೊತ್ತು ಫ್ಯಾನು ಲೈಟಿಗೆ ಗೊತ್ತಾಗುವುದಿಲ್ಲ. ಕಂಪ್ಯೂಟರಿನ ಎಸ್‌ಎಂಪಿಎಸ್ ಪೂರ್ತಿ ಹೊರೆಯಲ್ಲಿ ತಡೆಯುವುದು ಸುಮಾರು 16 ಮಿಲಿಸೆಕೆಂಡ್ ಮಾತ್ರ. ಸ್ವಿಚ್ ಯುಪಿಎಸ್ ಕಡೆಗಿರಲಿ. ಒಂದು ಸಲ ಮನೆಯ ಮೇನ್ ಸ್ವಿಚ್ ಇಳಿಸಿ ಕಂಪ್ಯೂಟರ್ ರೀಸ್ಟಾರ್ಟ್ ಆಗುವುದಿಲ್ಲ ಅಂತ ಕಣ್ಣಾರೆ ನೋಡಿ, ಆಮೇಲೆ ಅಪ್‌ಡೇಟ್. ಈ ಪರೀಕ್ಷೆಗೆ ಮುಂಚೆ ಮನೆಯವರಿಗೆ ಹೇಳಿ. ನಾನು ಹೇಳದೆ ಇಳಿಸಿದ ದಿನ ಅಡುಗೆಮನೆಯಲ್ಲಿ ದೋಸೆಹಿಟ್ಟು ಅರ್ಧ ರುಬ್ಬಿತ್ತು.